ರಸಬಾಳೆಯ ನಾಡಿನಲ್ಲಿ ಸುಸ್ಥಿರತೆಯ ಲೆಕ್ಕ

ಬಜೆಟ್ ಭಾಷಣದಿಂದ ಹಿಡಿದು ಗ್ರಾಮ ಪಂಚಾಯಿತಿಯ ಗೋಡೆಬರಹದವರೆಗೆ ಕಾಣಿಸಿಕೊಳ್ಳುತ್ತಿರುವ ‘ಸುಸ್ಥಿರ ಹಾಗೂ ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿ’ ಎಂಬ ಮಾತಿನ ಅರ್ಥವೇನು, ಅದರಿಂದ ಹಳ್ಳಿಗೆ ದಕ್ಕುವುದೇನು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಒಟ್ಟಿಗೆ ಉಚ್ಚರಿಸಿ ರೂಢಿಯಾಗಿರುವ ಈ ಎರಡು ವಿಶೇಷಣಗಳು ಹುಟ್ಟಿದ್ದು ಬೇರೆ ಬೇರೆ ಕಡೆ. ಇಂದಿನ ಪೀಳಿಗೆ ತನ್ನ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದು ಎಂಬ ಅರ್ಥದಲ್ಲಿ ‘ಸುಸ್ಥಿರ’ ಎಂಬ ಪದವನ್ನು ಚಾಲ್ತಿಗೆ ತಂದದ್ದು ನಾರ್ವೆಯ ಗ್ರೊ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗ 1987ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವರದಿ. ‘ಒಳಗೊಳ್ಳುವಿಕೆ’ ಎಂಬ ಮಾತು ನೀತಿಯ ಭಾಷೆಗೆ ಗಟ್ಟಿಯಾಗಿ ಬಂದದ್ದು ಅದಕ್ಕೂ ತಡವಾಗಿ, ಏಷ್ಯಾದ ದೇಶಗಳಲ್ಲಿ ಆದಾಯ ಏರುತ್ತಿದ್ದರೂ ಅದು ಎಲ್ಲರ ಮನೆಗೆ ತಲುಪುತ್ತಿಲ್ಲ ಎಂಬುದು ಕಣ್ಣಿಗೆ ಹೊಡೆದು ಕಾಣತೊಡಗಿದ ಮೇಲೆ. ಏಷ್ಯಾ ಅಭಿವೃದ್ಧಿ ಬ್ಯಾಂಕು 2008ರಲ್ಲಿ ಅದನ್ನು ತನ್ನ ದೀರ್ಘಾವಧಿ ಕಾರ್ಯತಂತ್ರದ ಭಾಗವಾಗಿಸಿತು; ಭಾರತದ ಹನ್ನೊಂದನೆಯ ಪಂಚವಾರ್ಷಿಕ ಯೋಜನೆ ಅದನ್ನು ಗುರಿಯಾಗಿ ಹೆಸರಿಸಿತು, ಹನ್ನೆರಡನೆಯದು ಅದಕ್ಕೆ ‘ಸುಸ್ಥಿರ’ ಎಂಬುದನ್ನೂ ಜೋಡಿಸಿತು.

ಕಾಗದದ ಮೇಲೆ ಜೋಡಿಯಾದ ಈ ಎರಡು ಪದಗಳು ನೆಲದ ಮೇಲೂ ಜೋಡಿಯಾಗಿವೆಯೇ ಎಂಬುದನ್ನು ನೋಡಲು ಟೋಕಿಯೊ ಅಥವಾ ಮನಿಲಾಕ್ಕೆ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಏಷ್ಯಾದ ಮೂರು ಪ್ರಸಿದ್ಧ ನೀತಿಗಳು ತಮ್ಮ ಗುರುತು ಬಿಟ್ಟಿವೆ: ಜಪಾನಿನ ‘ಹಳ್ಳಿಗೊಂದು ಉತ್ಪನ್ನ’, ಜಪಾನಿನದೇ ದ್ವಿತಳಿ ರೇಷ್ಮೆಯ ತಂತ್ರಜ್ಞಾನ ಮತ್ತು ಬಾಂಗ್ಲಾದೇಶದ ಕಿರುಸಾಲ. ಇವುಗಳ ಜೊತೆಗೆ, ಹೊರಗಿನಿಂದ ಬಾರದೆ ಇಲ್ಲಿಯೇ ಸುಮಾರು ನೂರು ವರ್ಷಗಳಿಂದ ನಡೆದುಬಂದಿರುವ ಒಂದು ಪ್ರಯೋಗವೂ ಇದೆ. ಇವೆಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎದ್ದು ಕಾಣುವ ಸಂಗತಿ ಒಂದೇ: ಯೋಜನೆ ಬಾಳುತ್ತದೆಯೋ ಇಲ್ಲವೋ ಎಂಬುದು ಅದಕ್ಕೆ ಎಷ್ಟು ಹಣ ಇಟ್ಟರು ಎಂಬುದಕ್ಕಿಂತ ಅದರ ತೀರ್ಮಾನವನ್ನು ಯಾರು ಮಾಡಿದರು, ಎಷ್ಟು ದೂರದಲ್ಲಿ ಕುಳಿತು ಮಾಡಿದರು ಎಂಬುದರ ಮೇಲೆ ನಿಂತಿದೆ.

ಬಾಳೆಯಿಂದಲೇ ಆರಂಭಿಸುವುದು ಯೋಗ್ಯ, ಏಕೆಂದರೆ ನಂಜನಗೂಡಿನ ಹೆಸರನ್ನು ನಂಜುಂಡೇಶ್ವರನಷ್ಟೇ ದೂರಕ್ಕೆ ಒಯ್ದದ್ದು ರಸಬಾಳೆ. ದೇವರಸನಹಳ್ಳಿ ಸುತ್ತಮುತ್ತಲಿನ ಮಣ್ಣಿನಲ್ಲಿ ಬೆಳೆದ ಈ ಹಣ್ಣಿಗೆ ತೆಳುವಾದ ಸಿಪ್ಪೆ, ಬಾಯಲ್ಲಿಟ್ಟರೆ ಕರಗುವ ತಿರುಳು ಮತ್ತು ಬೇರೆ ಬಾಳೆಗಿಲ್ಲದ ಒಂದು ಕಂಪು ಇರುವುದರಿಂದ, ಮಳಿಗೆಯಲ್ಲಿ ಅದು ಇದೆಯೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಸುಮಾರು ಎರಡು ದಶಕವಾಗಿದೆ. ಒಂದು ಪ್ರದೇಶದ ಮಣ್ಣು, ಹವೆ ಮತ್ತು ಜನರ ಕೈಗುಣದಿಂದ ವಿಶಿಷ್ಟವಾಗಿರುವ ವಸ್ತುವಿನ ಹೆಸರನ್ನು ಬೇರೆ ಪ್ರದೇಶದವರು ಬಳಸದಂತೆ ತಡೆಯುವ ಕಾನೂನು ರಕ್ಷಣೆಗೆ ಭೌಗೋಳಿಕ ಗುರುತು ಎನ್ನುತ್ತಾರೆ. ಮೈಸೂರು ವೀಳ್ಯದೆಲೆ ಮತ್ತು ಮೈಸೂರು ಮಲ್ಲಿಗೆಗಳಿಗೂ ಅದು ದೊರೆತಿದೆ. ಆದರೆ ಕಾನೂನು ಹೆಸರನ್ನು ಕಾಯುತ್ತದೆಯೇ ಹೊರತು ಗಿಡವನ್ನಲ್ಲ. ಪನಾಮಾ ಸೊರಗು ರೋಗ ರಸಬಾಳೆಯ ತೋಟಗಳನ್ನು ಒಂದೊಂದಾಗಿ ತಿಂದುಹಾಕಿತು. ಈ ರೋಗ ಹತ್ತಿದ ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು, ದಿಂಡಿನ ಸುತ್ತ ಲಂಗದಂತೆ ಜೋತುಬೀಳುತ್ತವೆ. ದಿಂಡನ್ನು ಅಡ್ಡ ಕತ್ತರಿಸಿದರೆ ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣದ ಉಂಗುರ ಕಾಣುತ್ತದೆ. ಅದನ್ನು ತರುವ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಸಾಯದೆ ಉಳಿಯುವುದರಿಂದ, ಒಮ್ಮೆ ರೋಗ ಬಂದ ಹೊಲದಲ್ಲಿ ರಸಬಾಳೆಯ ಕಂದು ನೆಡಲು ಯಾವ ರೈತನೂ ಸುಲಭವಾಗಿ ಮುಂದಾಗುವುದಿಲ್ಲ. ಹೀಗಾಗಿ ಬೆಳೆಗಾರರು ಏಲಕ್ಕಿ ಬಾಳೆಗೂ ಪಚ್ಚಬಾಳೆಗೂ ಕೇರಳದ ಮಾರುಕಟ್ಟೆ ಬೇಡುವ ನೇಂದ್ರಕ್ಕೂ ಹೊರಳಿದರು. ರಸಬಾಳೆ ಬೆರಳೆಣಿಕೆಯ ತೋಟಗಳಿಗೆ ಕುಗ್ಗಿತು.

ಇಂಥ ಹೊತ್ತಿನಲ್ಲಿ, 2020ರಲ್ಲಿ, ಕೇಂದ್ರ ಸರ್ಕಾರ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಐದು ವರ್ಷಗಳ ಅವಧಿಗೆ 10,000 ಕೋಟಿ ರೂಪಾಯಿಯ ಯೋಜನೆಯೊಂದನ್ನು ಆರಂಭಿಸಿ, ‘ಜಿಲ್ಲೆಗೊಂದು ಉತ್ಪನ್ನ’ ಎಂಬುದನ್ನು ಅದರ ತಳಹದಿಯನ್ನಾಗಿ ಮಾಡಿತು. ಮೈಸೂರು ಜಿಲ್ಲೆಗೆ ಬಂದ ಉತ್ಪನ್ನ ಬಾಳೆ. ಈ ಆಲೋಚನೆಯ ಬೇರು ಇರುವುದು ಜಪಾನಿನ ಓಯಿಟಾ ಪ್ರಾಂತ್ಯದಲ್ಲಿ. ಅಲ್ಲಿನ ಓಯಾಮಾ ಎಂಬ ಗುಡ್ಡಗಾಡಿನ ಊರು 1961ರಲ್ಲಿ, ಭತ್ತ ತನ್ನ ನೆಲಕ್ಕೆ ಒಗ್ಗುವ ಬೆಳೆಯಲ್ಲ ಎಂದು ತೀರ್ಮಾನಿಸಿ, ಅಕ್ಕಿಯ ಉತ್ಪಾದನೆ ಹೆಚ್ಚಿಸಬೇಕೆಂಬ ಸರ್ಕಾರದ ನೀತಿಯನ್ನು ಬದಿಗಿಟ್ಟು ಪ್ಲಮ್ ಮತ್ತು ಚೆಸ್ಟ್‌ನಟ್ ಮರಗಳನ್ನು ನೆಟ್ಟಿತು. ಓಯಾಮಾದ ಅನುಭವವನ್ನು ಕಂಡ ಪ್ರಾಂತ್ಯದ ಗವರ್ನರ್ ಮೊರಿಹಿಕೊ ಹಿರಾಮತ್ಸು 1979ರಲ್ಲಿ ‘ಹಳ್ಳಿಗೊಂದು ಉತ್ಪನ್ನ’ ಚಳವಳಿಗೆ ಕರೆಕೊಟ್ಟರು. ಅದರಲ್ಲಿ ಗಮನಿಸಬೇಕಾದದ್ದು ಎರಡು ಅಂಶ: ಉತ್ಪನ್ನ ಯಾವುದೆಂದು ಆರಿಸುವ ಕೆಲಸ ಊರಿನವರದ್ದಾಗಿತ್ತು, ಆಡಳಿತ ಸಹಾಯಧನ ಹಂಚುವ ಬದಲು ತಾಂತ್ರಿಕ ನೆರವು, ತರಬೇತಿ ಮತ್ತು ಮಾರುಕಟ್ಟೆಯ ಪರಿಚಯ ಒದಗಿಸಿತು. 2001ರಲ್ಲಿ ಥಾಯ್ಲೆಂಡ್ ಇದನ್ನು ತನ್ನದಾಗಿಸಿಕೊಂಡಾಗ ಹಳ್ಳಿಯ ಜಾಗದಲ್ಲಿ ಹಲವು ಹಳ್ಳಿಗಳ ಗುಂಪಾದ ‘ತಂಬೊನ್’ ಬಂತು, ವಸ್ತುಗಳಿಗೆ ನಕ್ಷತ್ರ ಕೊಟ್ಟು ದರ್ಜೆ ನಿಗದಿಮಾಡುವ ಅಧಿಕಾರ ರಾಜಧಾನಿಯ ಕೈ ಸೇರಿತು. ಭಾರತಕ್ಕೆ ಬರುವ ಹೊತ್ತಿಗೆ ತಂಬೊನ್ ಇದ್ದ ಜಾಗದಲ್ಲಿ ಜಿಲ್ಲೆ ಬಂತು, ಪಟ್ಟಿ ಸಿದ್ಧವಾದದ್ದು ಸರ್ಕಾರಗಳ ಮಟ್ಟದಲ್ಲಿ. ನೀತಿ ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿದಂತೆಲ್ಲ ಅದರ ಅಳತೆ ಹಿಗ್ಗಿತು. ಆರಿಸುವ ಕೈ ಮಾತ್ರ ಬೆಳೆಯುವ ಕೈಯಿಂದ ದೂರ ಸರಿಯಿತು.

ಆ ದೂರದ ಪರಿಣಾಮ ನಂಜನಗೂಡಿನಲ್ಲಿ ಸ್ಪಷ್ಟವಾಗಿದೆ. ಯೋಜನೆ ಸಂಸ್ಕರಣಾ ಘಟಕದ ವೆಚ್ಚದ ಶೇ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಹಾಯಧನವಾಗಿ ಕೊಡಲು ಮುಂದಾಯಿತು. ಚಿಪ್ಸ್ ಕರಿಯುವುದಕ್ಕೆ, ಬಾಳೆಕಾಯಿ ಹಿಟ್ಟು ಮಾಡುವುದಕ್ಕೆ, ಬಾಳೆಹಣ್ಣು ಒಣಗಿಸುವುದಕ್ಕೆ ಅದು ನಿಜವಾಗಿಯೂ ಉಪಯುಕ್ತ. ಸ್ವಸಹಾಯ ಸಂಘಗಳ ಮಹಿಳೆಯರಿಗೂ ಅದರಲ್ಲಿ ಅವಕಾಶವಿದೆ. ಆದರೆ ರಸಬಾಳೆ ಹಾಗೆಯೇ ಸುಲಿದು ತಿನ್ನುವ ಹಣ್ಣು. ಅದಕ್ಕೆ ಮೊದಲು ಬೇಕಿರುವುದು ಕರಿಯುವ ಬಾಣಲೆಯಲ್ಲ, ರೋಗವಿಲ್ಲದ ಕಂದು, ರೋಗ ತಾಗದ ಹೊಲದ ಗುರುತಿಸುವಿಕೆ, ಒಂದು ಫಸಲು ಕೈಕೊಟ್ಟರೆ ಸಣ್ಣ ಹಿಡುವಳಿದಾರ ಮುಳುಗದಂತೆ ತಡೆಯುವ ವಿಮೆ. ಅಂಗಾಂಶ ಕೃಷಿಯ ಸಸಿಗಳನ್ನು ಹಂಚಿದರೆ ಸಾಕೆಂಬ ಭಾವನೆ ತೋಟಗಾರಿಕೆಯ ಚರ್ಚೆಗಳಲ್ಲಿ ಬಲವಾಗಿದೆ. ಪ್ರಯೋಗಾಲಯದ ಸಸಿ ನಿರೋಗಿಯಾಗಿರುವುದು ನಿಜ, ಆದರೆ ಅದು ಬೇರು ಬಿಡುವುದು ಅದೇ ಹಳೆಯ ಮಣ್ಣಿನಲ್ಲಿ. ಈ ವಿಷಯ ದೇವರಸನಹಳ್ಳಿಯ ಯಾವ ಬೆಳೆಗಾರನನ್ನು ಕೇಳಿದರೂ ತಿಳಿಯುತ್ತಿತ್ತು. ಜಿಲ್ಲೆಗೆ ‘ಬಾಳೆ’ ಎಂದು ಬರೆದವರು ಯಾವ ಬಾಳೆ ಎಂದು ಕೇಳದೆ ಹೋದದ್ದೇ ಈ ಯೋಜನೆಯ ದೊಡ್ಡ ಕೊರತೆ.

ರೇಷ್ಮೆಯ ಕಥೆ ಇದಕ್ಕಿಂತ ಆಶಾದಾಯಕವಾಗಿ ಆರಂಭವಾಗುತ್ತದೆ. ನರಸೀಪುರ ಭಾಗಕ್ಕೆ ಹಿಪ್ಪುನೇರಳೆ ಹೊಸದಲ್ಲ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆ ಇರುವುದೂ ಇದೇ ಪಟ್ಟಣದಲ್ಲಿ. ವರ್ಷಕ್ಕೆ ಹಲವು ಪೀಳಿಗೆ ಕಾಣುವ, ಬಿಸಿಲಿಗೆ ಗಟ್ಟಿಯಾದ, ಆದರೆ ನೂಲಿನ ಗುಣ ಕಡಿಮೆಯಿರುವ ಬಹುತಳಿ ಹುಳುವಿನ ಬದಲು, ವರ್ಷಕ್ಕೆ ಎರಡು ಪೀಳಿಗೆಯ, ಉದ್ದನೆಯ ಬಿಳಿ ಎಳೆ ಕೊಡುವ ದ್ವಿತಳಿಯನ್ನು ದಕ್ಷಿಣ ಭಾರತದ ಹವೆಗೆ ಒಗ್ಗಿಸುವ ಕೆಲಸ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಿಂದ 1991ರಿಂದ 2007ರವರೆಗೆ ಹಂತಹಂತವಾಗಿ ನಡೆಯಿತು. ಅದರ ಕೇಂದ್ರ ಮೈಸೂರಿನ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ತಂತ್ರಜ್ಞಾನ ಹುಳುಮನೆಯವರೆಗೆ ಬಂದು ತಲುಪಿತು. ಅದನ್ನು ಅಳವಡಿಸಿಕೊಂಡವರಲ್ಲಿ ಹೆಂಗಸರೇ ಹೆಚ್ಚು: ಚಾಕಿ ಹಂತದ ಮರಿಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚುವುದು, ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ನಿಲ್ಲಿಸಿ ಸುಣ್ಣ ಉದುರಿಸುವುದು, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ಬಹುಪಾಲು ಅವರ ಕೆಲಸ. ಆದರೆ 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾದ ನೂಲಿನ ಎದುರು ಗೂಡಿನ ಬೆಲೆ ಕುಸಿದು ರಾಜ್ಯದ ಬೆಳೆಗಾರರು ಬೀದಿಗಿಳಿಯಬೇಕಾಯಿತು; ಸುಂಕವನ್ನು ಮತ್ತೆ ಏರಿಸಿದ್ದು ಆಮೇಲೆ. ಹದಿನಾರು ವರ್ಷ ತಾಳ್ಮೆಯಿಂದ ಕಟ್ಟಿದ್ದನ್ನು ಒಂದು ದಿನದ ಭಾಷಣ ಅಲುಗಿಸಬಲ್ಲದಾದರೆ, ವಾಣಿಜ್ಯ ನೀತಿಯನ್ನು ಅಭಿವೃದ್ಧಿ ನೀತಿಯಿಂದ ಬೇರೆಯಾಗಿಟ್ಟು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಕಿರುಸಾಲದ ವಿಷಯದಲ್ಲಿ ಒಂದು ಪದದ ಗೊಂದಲವನ್ನು ಮೊದಲು ಬಿಡಿಸಬೇಕು. ಹಳ್ಳಿಗಳಲ್ಲಿ ‘ಸಂಘದ ಸಾಲ’ ಎಂದರೆ ಎರಡು ಬೇರೆ ವ್ಯವಸ್ಥೆಗಳು ಒಂದೇ ಹೆಸರಿನಲ್ಲಿ ಅಡಗಿರುತ್ತವೆ. ಒಂದು, ಹತ್ತಿಪ್ಪತ್ತು ಹೆಂಗಸರು ವಾರವಾರ ತಾವೇ ಉಳಿತಾಯ ಮಾಡಿ, ಆ ಹಣವನ್ನು ತಮ್ಮಲ್ಲಿಯೇ ಸಾಲ ಕೊಟ್ಟುಕೊಂಡು, ಆಮೇಲೆ ಬ್ಯಾಂಕಿಗೆ ಹೋಗುವ ಸ್ವಸಹಾಯ ಸಂಘ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಬೆಳೆಸಿದ ಈ ಮಾದರಿಯನ್ನು ನಬಾರ್ಡ್ 1992ರಲ್ಲಿ ದೇಶದ ಬ್ಯಾಂಕುಗಳಿಗೆ ಜೋಡಿಸಿತು. ಇನ್ನೊಂದು, ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಆರಂಭಿಸಿ 1983ರಲ್ಲಿ ಗ್ರಾಮೀಣ ಬ್ಯಾಂಕಾಗಿ ರೂಪಿಸಿದ, ಒಬ್ಬರ ಸಾಲಕ್ಕೆ ಗುಂಪೇ ಹೊಣೆಯಾಗುವ ಮಾದರಿ. ಅದನ್ನು ಆಮೇಲೆ ಲಾಭದ ಕಂಪನಿಗಳು ಎತ್ತಿಕೊಂಡವು. ಮೊದಲನೆಯದರಲ್ಲಿ ಹಣ ಗುಂಪಿನದು, ನಿಯಮವೂ ಗುಂಪಿನದು. ಎರಡನೆಯದರಲ್ಲಿ ಹಣ ಹೊರಗಿನದು, ಗುಂಪಿಗೆ ಉಳಿದದ್ದು ಹೊಣೆ ಮಾತ್ರ. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ವಸೂಲಿಗಾರರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯವನ್ನೇ ಕಲಕಿತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು. ಅದು ಅಗತ್ಯವಾಗಿತ್ತು. ಆದರೆ ಬೀಗ ಬಿದ್ದ ಮನೆಯ ಹೆಂಗಸೂ ಅಂಕಿಅಂಶಗಳಲ್ಲಿ ‘ಹಣಕಾಸು ವ್ಯವಸ್ಥೆಯೊಳಗೆ ಸೇರಿದವಳು’ ಎಂದೇ ಎಣಿಕೆಯಾಗಿದ್ದಳು ಎಂಬುದು ಯೋಚಿಸಬೇಕಾದ ಮಾತು. ಒಳಗೆ ಸೇರಿಸಿಕೊಳ್ಳುವುದು ಮತ್ತು ಒಳಗೆ ಸಿಕ್ಕಿಸುವುದು ಬೇರೆ ಬೇರೆ.

ನೀರಿನ ವಿಷಯವನ್ನು ಸಂಕ್ಷೇಪವಾಗಿಯಾದರೂ ಹೇಳದೆ ಈ ತಾಲ್ಲೂಕುಗಳ ಲೆಕ್ಕ ಪೂರ್ಣವಾಗದು. ಬೀಚನಹಳ್ಳಿಯ ಬಳಿ 1974ರಲ್ಲಿ ಸಿದ್ಧವಾದ 19.52 ಟಿಎಂಸಿ ಅಡಿ ಸಾಮರ್ಥ್ಯದ ಕಬಿನಿ ಜಲಾಶಯ ಕೆಳಗಿನ ಬಯಲಿಗೆ ಭತ್ತ ಕೊಟ್ಟಿತು, ಮೇಲಿನ ಕಾಡಂಚಿನ ಜನರಿಂದ ಊರು ಮತ್ತು ಕಾಡು ಕಿತ್ತುಕೊಂಡಿತು. ಕೆಳಗಿನ ಬಯಲಿನಲ್ಲಿಯೂ ನಾಲೆಯ ಆರಂಭದ ತೂಬಿನವನ ಗದ್ದೆಗೂ ಕೊನೆಯ ತೂಬಿನವನ ಗದ್ದೆಗೂ ನೀರು ಒಂದೇ ಅಲ್ಲ. ಕೈಗಾರಿಕೆಗಳು ನಂಜನಗೂಡಿಗೆ ಉದ್ಯೋಗ ತಂದವು. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯ ಹೆಸರೂ ಸೇರಿತು. ಒಂದೆಡೆ ಕೊಟ್ಟು ಇನ್ನೊಂದೆಡೆ ಕಿತ್ತುಕೊಳ್ಳುವ ಇಂಥ ಅಭಿವೃದ್ಧಿಗೆ ಬಹಳ ಹಳೆಯ ನಿದರ್ಶನ ನರಸೀಪುರ ತಾಲ್ಲೂಕಿನ ತಲಕಾಡು. ಅದನ್ನು ಮರಳು ಮುಚ್ಚಿದ್ದನ್ನು ಜನ ಐತಿಹ್ಯದ ರಾಣಿ ಅಲಮೇಲಮ್ಮನ ಶಾಪವೆಂದು ನಂಬಿಕೊಂಡು ಬಂದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಅಣೆಯಿಂದ ಕಾವೇರಿಯ ಹರಿವು ಬದಲಾಗಿ, ತಿರುವಿನಲ್ಲಿ ಬಯಲಾದ ಮರಳನ್ನು ಮುಂಗಾರಿನ ಗಾಳಿ ಊರ ಮೇಲೆ ತಂದು ಸುರಿಯಿತು ಎಂಬ ವಿವರಣೆಯನ್ನು ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಮುಂದಿಟ್ಟಿದ್ದಾರೆ. ಅಣೆ ಕಟ್ಟಿದವರ ಉದ್ದೇಶ ಒಳ್ಳೆಯದೇ ಆಗಿತ್ತು, ಇಂದಿಗೂ ಅದರ ನೀರಿನಿಂದ ಬೆಳೆ ಬರುತ್ತಿದೆ. ಮರಳಿನ ಕೆಳಗೆ ಹೋದದ್ದು ಮಾತ್ರ ದೇಗುಲಗಳಿದ್ದ ಒಂದು ಪಟ್ಟಣ.

ಹೊರಗಿನಿಂದ ಬಾರದ ಪ್ರಯೋಗ ಇರುವುದು ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ. ಗಾಂಧೀಜಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದ 1927ರಲ್ಲೇ ಅಲ್ಲಿ ಖಾದಿ ಕೇಂದ್ರ ಆರಂಭವಾಯಿತು. ಪಕ್ಕದ ತಗಡೂರಿನ ರಾಮಚಂದ್ರರಾಯರಂಥವರು ಈ ಸೀಮೆಯ ಹಳ್ಳಿಗಳಲ್ಲಿ ಖಾದಿಗೆ ನೆಲೆ ಒದಗಿಸಿದರು, ಗಾಂಧೀಜಿಯವರೂ ಬದನವಾಳಿಗೆ ಬಂದುಹೋದರು. ಇಂದಿಗೂ ಅಲ್ಲಿ ಹೆಂಗಸರು ರಾಟೆಯ ಮುಂದೆ ಕೂತು ನೂಲು ತೆಗೆಯುತ್ತಾರೆ. ನೂಲನ್ನು ಸಾವಿರ ಮೀಟರಿಗೆ ಒಂದು ಲಡಿ ಎಂದು ಸುತ್ತುತ್ತಾರೆ. ಕೂಲಿ ಲಡಿಯ ಲೆಕ್ಕದಲ್ಲಿ. ಎಳೆ ಹರಿದರೆ ರಾಟೆ ನಿಲ್ಲಿಸಿ, ಹರಿದ ತುದಿಯನ್ನು ಬೆರಳಿನಲ್ಲಿ ಹೊಸೆದು ಸೇರಿಸಬೇಕು, ಅಷ್ಟು ಹೊತ್ತಿನ ಕೂಲಿ ಹೋದಂತೆಯೇ. ರಂಗಕರ್ಮಿ ಪ್ರಸನ್ನ 2015ರಲ್ಲಿ ‘ಸುಸ್ಥಿರ ಬದುಕಿಗಾಗಿ ಬದನವಾಳು ಸತ್ಯಾಗ್ರಹ’ವನ್ನು ನಡೆಸಲು ಈ ಊರನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕೈಕೆಲಸ, ಕಡಿಮೆ ಬಳಕೆ, ಊರಲ್ಲೇ ಉದ್ಯೋಗ ಎಂಬ ಮಾತುಗಳನ್ನು ಅಂತರರಾಷ್ಟ್ರೀಯ ಸಮ್ಮೇಳನಗಳು ಕಲಿಯುವುದಕ್ಕೆ ದಶಕಗಳ ಮೊದಲೇ ಈ ಊರು ಬದುಕಿ ತೋರಿಸಿತ್ತು.

ಅದೇ ಊರಿನಲ್ಲಿ 1993ರ ಮಾರ್ಚ್ 25ರಂದು, ಸಿದ್ಧೇಶ್ವರ ದೇವಾಲಯಕ್ಕೆ ದಲಿತರ ಪ್ರವೇಶದ ವಿವಾದದ ಬೆನ್ನಲ್ಲೇ, ಮೂವರು ದಲಿತರ ಕೊಲೆಯಾಯಿತು. ಲಿಂಗಾಯತರ ಬೀದಿ ಮತ್ತು ದಲಿತರ ಕೇರಿಯನ್ನು ಸೇರಿಸುತ್ತಿದ್ದ ರಸ್ತೆ ಬಳಕೆ ತಪ್ಪಿಹೋಯಿತು. ಇದನ್ನು ಬಿಟ್ಟು ಬದನವಾಳುವಿನ ಸುಸ್ಥಿರತೆಯನ್ನು ಹೊಗಳುವ ಬರವಣಿಗೆ ಅರ್ಧ ಸತ್ಯ. ಪ್ರಕೃತಿಗೆ ಹಗುರವಾದ ಜೀವನಕ್ರಮ ತಾನಾಗಿಯೇ ಮನುಷ್ಯರ ನಡುವೆ ನ್ಯಾಯ ತರುತ್ತದೆಂಬ ನಂಬಿಕೆಗೆ, ಸ್ವಾವಲಂಬಿ ಹಳ್ಳಿ ಎಂದರೆ ಸಾಮರಸ್ಯದ ಹಳ್ಳಿ ಎಂಬ ಕನಸಿಗೆ, ಬದನವಾಳು ಕೊಟ್ಟ ಉತ್ತರ ಕಠಿಣವಾದದ್ದು. ಅಂಬೇಡ್ಕರ್ ಹಳ್ಳಿಯ ಬಗ್ಗೆ ವ್ಯಕ್ತಪಡಿಸಿದ್ದ ಸಂಶಯ ಗಾಂಧಿಯ ರಾಟೆಯ ಪಕ್ಕದಲ್ಲೇ ನಿಜವಾಯಿತು. ಏಷ್ಯಾದ ಅಭಿವೃದ್ಧಿ ನೀತಿಗಳು ‘ಸಮುದಾಯ’ ಎಂಬ ಪದವನ್ನು ಬಳಸುವಾಗ ಊರೆಂದರೆ ಒಂದೇ ಮನಸ್ಸಿನ ಒಂದು ಗುಂಪು ಎಂದು ಭಾವಿಸಿಕೊಳ್ಳುತ್ತವೆ. ಓಯಿಟಾದ ಹಳ್ಳಿ ತನ್ನ ಉತ್ಪನ್ನವನ್ನು ತಾನೇ ಆರಿಸಿಕೊಂಡಂತೆ ಇಲ್ಲಿನ ಹಳ್ಳಿಯೂ ಆರಿಸಿಕೊಳ್ಳಲಿ ಎಂದರೆ, ಕೇರಿಯವರು ಆ ಸಭೆಯಲ್ಲಿ ಕೂರುತ್ತಾರೆಯೇ, ಕೂತರೆ ಮಾತಾಡುತ್ತಾರೆಯೇ ಎಂಬುದನ್ನು ಕೂಡಲೇ ಕೇಳಬೇಕಾಗುತ್ತದೆ. ತೀರ್ಮಾನ ಹಳ್ಳಿಗೆ ಹತ್ತಿರವಾದರೆ ಸಾಲದು, ಹಳ್ಳಿಯೊಳಗೆ ಎಲ್ಲರಿಗೂ ಹತ್ತಿರವಾಗಬೇಕು. 2022ರ ಅಕ್ಟೋಬರ್ 2ರಂದು, ಕಾಂಗ್ರೆಸ್‌ನ ಭಾರತ್ ಜೋಡೊ ಯಾತ್ರೆಯ ಹೊತ್ತಿನಲ್ಲಿ, ಎರಡೂ ಸಮುದಾಯದವರು ಸೇರಿ ಬಳಕೆ ತಪ್ಪಿದ್ದ ಆ ರಸ್ತೆಗೆ ಹೊಸ ಕಲ್ಲು ಹಾಸಿ ಮತ್ತೆ ತೆರೆದರು, ಒಟ್ಟಿಗೆ ಕೂತು ಊಟ ಮಾಡಿದರು. ಅದರ ರಾಜಕೀಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದ್ದರೂ, ಇಪ್ಪತ್ತೊಂಬತ್ತು ವರ್ಷ ಪಾಳುಬಿದ್ದ ಹಾದಿಯಲ್ಲಿ ಮತ್ತೆ ಹೆಜ್ಜೆ ಬಿದ್ದದ್ದು ಯಾವ ಉತ್ಪನ್ನದ ಪಟ್ಟಿಗಿಂತಲೂ ದೊಡ್ಡ ಅಭಿವೃದ್ಧಿ.

ಪ್ರತಿ ವರ್ಷ ಅಕ್ಟೋಬರ್ 2ರ ಹೊತ್ತಿಗೆ ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಲು ಆರಂಭಿಸುತ್ತವೆ, ಅದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಗ್ರಾಮಸಭೆಗಿದೆ. ನಂಜನಗೂಡು, ನರಸೀಪುರದ ಓದುಗರು ಈ ಸಲ ಆ ಸಭೆಗೆ ಹೋಗಲಿ. ಹೋಗುವಾಗ ಕೇರಿಯವರನ್ನೂ ಕೊನೆಯ ತೂಬಿನ ರೈತನನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಬಾಳೆಯ ಹೆಸರಿನಲ್ಲಿ ಬರುವ ಹಣದಲ್ಲಿ ರೋಗವಿಲ್ಲದ ರಸಬಾಳೆಯ ಕಂದಿಗೆ ಎಷ್ಟು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದುಬರಲಿ.